ನಿನ್ನ ಹೆಗಲಿಗೆ ಹೊಂದುವ ಬ್ಯಾಗು

ನಾಗಮಂಗಲ

ಪ್ರೀತಿಯ ಮಗಳೇ,

ಇಲ್ಲಿ ನಾವೆಲ್ಲ ಕ್ಷೇಮ. ಹೋದ ಭಾನುವಾರ ನೀನು ಬಂದವಳೇ ಬ್ಯಾಗನ್ನು ಜಗಲಿಯ ಮೇಲಿಟ್ಟು ಕುತ್ತಿಗೆ ನೀವಿಕೊಂಡೆಯಲ್ಲ, ಅದು ನನ್ನ ಕಣ್ಣಿನಿಂದ ಹೋಗಿಲ್ಲ. ನೀನು ಸ್ನಾನಕ್ಕೆ ಹೋದಾಗ ಆ ಬ್ಯಾಗನ್ನು ಪಕ್ಕದ ದಿನಸಿ ಅಂಗಡಿಯ ತಕ್ಕಡಿಯ ಮೇಲಿಟ್ಟು ನೋಡಿದೆ. 8 ಕಿಲೋ 100 ಗ್ರಾಂ! ನೀನಿರುವುದೇ 48 ಕಿಲೋ. ಬೆನ್ನಿನ ಮೇಲಿನ ಹೊರೆ ಮೈತೂಕದ ಶೇಕಡಾ 10ರಿಂದ 15ರೊಳಗಿರಬೇಕು ಎನ್ನುತ್ತಾರೆ. ಅಂದರೆ ನಿನಗೆ ಐದು ಕಿಲೋ ಸಾಕು, ಹೆಚ್ಚೆಂದರೆ ಏಳು. ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ನಿಂತುಕೊಂಡು, ಅಲ್ಲಿಂದ ಮಾನಸಗಂಗೋತ್ರಿಗೆ ಮತ್ತೆ ಬಸ್ಸು ಹತ್ತುವವಳು ನೀನು. ಇದನ್ನು ಹೀಗೇ ಬಿಡುವುದು ಬೇಡ.

ಹೊಸ ಬ್ಯಾಗು ತೆಗೆದುಕೊ. ಬರಿಗೈಯಲ್ಲಿ ಅಂಗಡಿಗೆ ಹೋಗಬೇಡ. ಲ್ಯಾಪ್‌ಟಾಪ್, ಎರಡು ದಪ್ಪ ಪುಸ್ತಕ, ತುಂಬಿದ ನೀರಿನ ಬಾಟಲಿ ಜೊತೆಗಿರಲಿ. ಎಲ್ಲವನ್ನೂ ಬ್ಯಾಗಿಗೆ ತುಂಬಿ, ಎರಡೂ ಹೆಗಲಿಗೆ ಹಾಕಿಕೊಂಡು ಐದು ನಿಮಿಷ ಓಡಾಡು. ಖಾಲಿ ಬ್ಯಾಗು ಯಾರ ಬೆನ್ನಿಗಾದರೂ ಹಿತವಾಗಿಯೇ ಇರುತ್ತದೆ. ಅಂಗಡಿಯವರು ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ಹೆಗಲಪಟ್ಟಿ ಮೂರು ಬೆರಳಿನಷ್ಟಾದರೂ ಅಗಲವಿರಲಿ. ಅದರ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಬಿಡು; ತಕ್ಷಣ ಉಬ್ಬಿ ಬರಬೇಕು. ಕುಳಿ ಹಾಗೆಯೇ ಉಳಿದರೆ ಅದು ಕೆಲವೇ ತಿಂಗಳಲ್ಲಿ ಹಪ್ಪಳವಾಗುತ್ತದೆ. ಆಮೇಲೆ ಪಟ್ಟಿ ಬ್ಯಾಗಿಗೆ ಸೇರುವ ಜಾಗವನ್ನು ನೋಡು. ಚೌಕಾಕಾರದ ಹೊಲಿಗೆ, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಹೊಲಿಗೆ ಇದ್ದರೆ ನಂಬಬಹುದು. ಒಂದೇ ಸಾಲಿನ ನೇರ ಹೊಲಿಗೆಯಾದರೆ ಅಲ್ಲೇ ಬಿಟ್ಟು ಬಾ. ನನ್ನ ಮಷಿನ್ನಿನ ಮುಂದೆ ಬಂದು ಬೀಳುವ ಬ್ಯಾಗುಗಳಲ್ಲಿ ಹೆಚ್ಚಿನವು ಕಿತ್ತುಹೋಗಿರುವುದು ಅದೇ ಜಾಗದಲ್ಲಿ. ಒಳಗೆ ಕೈ ಹಾಕಿ ಅಂಚುಗಳನ್ನು ತಡವು; ಬಟ್ಟೆಯ ಅಂಚಿಗೆ ಪಟ್ಟಿ ಕೊಟ್ಟು ಹೊಲಿದಿರದಿದ್ದರೆ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಜಿಪ್ಪನ್ನು ತಿರುವಿನಲ್ಲಿ ಎಳೆದು ನೋಡು, ಅದು ತಡೆಯುವುದು ಅಲ್ಲಿಯೇ.

ಲ್ಯಾಪ್‌ಟಾಪ್ ಇಡುವ ಖಾನೆ ಬೆನ್ನಿಗೆ ಅಂಟಿಕೊಂಡಂತಿರಬೇಕು. ಭಾರ ಬೆನ್ನಿನಿಂದ ದೂರವಾದಷ್ಟೂ ನಿನ್ನನ್ನು ಹಿಂದಕ್ಕೆ ಜಗ್ಗುತ್ತದೆ, ನೀನು ಮುಂದಕ್ಕೆ ಬಾಗಿ ನಡೆಯುತ್ತೀಯ. ಆ ಖಾನೆಯ ತಳ ಬ್ಯಾಗಿನ ತಳಕ್ಕಿಂತ ಸ್ವಲ್ಪ ಮೇಲಿದ್ದರೆ, ಪ್ಲಾಟ್‌ಫಾರಂ ಮೇಲೆ ದೊಪ್ಪನೆ ಇಟ್ಟರೂ ಯಂತ್ರಕ್ಕೆ ಪೆಟ್ಟಾಗುವುದಿಲ್ಲ. ಪಟ್ಟಿಗಳನ್ನು ಬಿಗಿ ಮಾಡಿಕೊ, ಬ್ಯಾಗು ಸೊಂಟಕ್ಕಿಂತ ಕೆಳಗೆ ಜೋತಾಡಬಾರದು. 25 ಲೀಟರಿಗಿಂತ ದೊಡ್ಡದು ಬೇಡ; ಜಾಗವಿದ್ದರೆ ನೀನು ತುಂಬಿಯೇ ತುಂಬುತ್ತೀಯ, ನನಗೆ ಗೊತ್ತು. ಬಸ್ಸಿನಲ್ಲಿ ಶಕ್ತಿ ಟಿಕೆಟ್‌ಗೆ ಆಧಾರ್ ತೋರಿಸಲು ಪಕ್ಕದಲ್ಲೊಂದು ಸಣ್ಣ ಜಿಪ್ಪಿನ ಜೇಬು ಇರಲಿ. ಬಣ್ಣ ನಿನ್ನಿಷ್ಟ.

ಮೊಬೈಲಿಗೆ 2000 ರೂಪಾಯಿ ಹಾಕಿದ್ದೇನೆ. ಸಾಲದಿದ್ದರೆ ಸಂಕೋಚಪಡದೆ ಹೇಳು. ಅತ್ತೆಗೆ ನಮ್ಮ ನಮಸ್ಕಾರ ತಿಳಿಸು. ಹಳೆಯ ಬ್ಯಾಗನ್ನು ಎಸೆಯಬೇಡ, ಬರುವಾಗ ತೆಗೆದುಕೊಂಡು ಬಾ. ಅದರ ಜಿಪ್ಪು ಇನ್ನೂ ಗಟ್ಟಿಯಾಗಿದೆ, ನಿನ್ನ ಚಾರ್ಜರಿಗೆ ಒಂದು ಚೀಲ ಹೊಲಿದುಕೊಡುತ್ತೇನೆ.

ಆಶೀರ್ವಾದಗಳೊಂದಿಗೆ,
ಅಪ್ಪ