ಸ್ಕ್ಯಾನರ್‌ಗೆ ಹಾಕುವ ಮೊದಲು ಇಲಿ ಒಗ್ಗಲಿ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ಎಚ್ಚರವಿರುವ ಇಲಿಗಳ ಮೆದುಳಿನ ಎಂಆರ್‌ಐ ಮಾಡುವ ಲ್ಯಾಬ್‌ಗೆ ಸೇರಿದ್ದೀಯ ಅಂತ ನಿಮ್ಮಪ್ಪ ಹೇಳಿದ. ತುಂಬಾ ಸಂತೋಷ. ಅರಿವಳಿಕೆ ಕೊಡುವುದಿಲ್ಲ, ಹಾಗಾಗಿ ಸಿಗುವುದೆಲ್ಲ ಅಪ್ಪಟ ಫಲಿತಾಂಶ ಅಂದೆಯಂತೆ. ಅಷ್ಟು ಸುಲಭ ಅಲ್ಲ ಮಗಳೇ.

ಅರಿವಳಿಕೆಯಿಂದ ತೊಂದರೆ ಇರುವುದು ನಿಜ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಐಸೊಫ್ಲುರೇನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ನಿಮ್ಮ ಯಂತ್ರ ನೋಡುವುದೇ ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. 1990ರಲ್ಲಿ ಬೆಲ್ ಲ್ಯಾಬ್ಸ್‌ನ ಸೇಜಿ ಒಗಾವಾ ಇದನ್ನು ತೋರಿಸಿದ್ದು ಅರಿವಳಿಕೆ ಕೊಟ್ಟ ಇಲಿಗಳಲ್ಲಿ. ಅರಿವಳಿಕೆ ಬದಲಾದರೆ ಚಿತ್ರವೂ ಬದಲಾಗುತ್ತದೆ ಅಂತ ಆಗಲೇ ಗೊತ್ತಾಗಿತ್ತು.

ಆದರೆ ಎಚ್ಚರವಿರುವ ಇಲಿಯ ತಲೆ ಅಲುಗದಂತೆ ಬಿಗಿದು, ಕಿವಿಗಡಚಿಕ್ಕುವ ಸದ್ದಿನಲ್ಲಿ ಮಲಗಿಸಿದರೆ ಅದಕ್ಕೆ ಜೀವಭಯ. ಉಸಿರು, ಎದೆಬಡಿತ, ಕಾರ್ಟಿಕೊಸ್ಟೆರಾನ್ ಅನ್ನುವ ಒತ್ತಡದ ಹಾರ್ಮೋನ್ ಎಲ್ಲ ಏರುತ್ತವೆ. ರಕ್ತದ ಹರಿವೂ ಬದಲಾಗುತ್ತದೆ. ಆಮೇಲೆ ನೀನು ನೋಡುವುದು ಆ ಭಯವನ್ನೇ, ಅಲ್ವಾ?

ಇಲಿ ಅಲುಗಾಡಲಿಲ್ಲ, ಡೇಟಾ ಚೆನ್ನಾಗಿದೆ ಅಂತ ಲ್ಯಾಬ್‌ನಲ್ಲಿ ಹೇಳುತ್ತಾರೆ. ನಂಬಬೇಡ. ಚಿಕಿತ್ಸೆಗೆ ದನವನ್ನು ಅಲುಗದಂತೆ ನಿಲ್ಲಿಸುವ ಚೌಕಟ್ಟು ಟ್ರೆವಿಸ್, ಅದಕ್ಕೆ ಹಾಕಿದ ದನ ಸುಮ್ನೆ ನಿಂತಿದ್ದರೆ ಹೆದರಿಲ್ಲ ಅಂತ ಅರ್ಥ ಅಲ್ಲ. ನಾನು ಕೆಲಸದುದ್ದಕ್ಕೂ ನೋಡಿದ್ದೇ ಅದು. ಇಲಿಯ ಕಣ್ಣು, ಮೂಗಿನ ಸುತ್ತ ಕೆಂಪು ಕಲೆ ಕಾಣುತ್ತಿದೆಯಾ ನೋಡು. ಅದು ರಕ್ತ ಅಲ್ಲ, ಕಣ್ಣಿನ ಹಿಂದಿನ ಗ್ರಂಥಿಯ ಸ್ರಾವ. ಒತ್ತಡಕ್ಕೆ ಸಿಕ್ಕ ಇಲಿಯಲ್ಲಿ ಜಾಸ್ತಿ ಬರುತ್ತದೆ. ತೂಕ ಇಳಿಯುತ್ತಿದೆಯಾ, ಮೇವು ಬಿಟ್ಟಿದೆಯಾ ಅಂತ ದಿನಾ ಬರೆದಿಡು.

ಒಗ್ಗಿಸುವ ಕೆಲಸವನ್ನು ಮಾತ್ರ ಬೇರೆಯವರ ಮೇಲೆ ಹಾಕಬೇಡ. ಮೊದಲು ಇಲಿಗೆ ನಿನ್ನ ಕೈ ಅಭ್ಯಾಸ ಆಗಲಿ. ಆಮೇಲೆ ಅದನ್ನು ಹಿಡಿದಿಡುವ ಕೊಳವೆ, ಅದೂ ಕೆಲವೇ ನಿಮಿಷ. ಆಮೇಲೆ ರೆಕಾರ್ಡ್ ಮಾಡಿದ ಸ್ಕ್ಯಾನರ್ ಸದ್ದು, ಮೊದಮೊದಲು ಮೆಲ್ಲಗೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ತಂಡ ನಾಯಿಗಳನ್ನು ಹೀಗೇ ತಯಾರು ಮಾಡಿತು. ಕಿವಿಗೆ ರಕ್ಷಣೆ ಹಾಕಿಕೊಂಡು, ಗಲ್ಲ ಊರಿ ಅಲುಗದೆ ಕೂರುವುದನ್ನು ಅವು ಕಲಿತವು. 2012ರಲ್ಲಿ ಆ ಅಧ್ಯಯನ ಬಂತು. ಕಟ್ಟಿಹಾಕಿರಲಿಲ್ಲ. ಬೇಡ ಅನಿಸಿದರೆ ನಾಯಿ ಎದ್ದು ಹೊರಗೆ ಬರಬಹುದಿತ್ತು. ನಿನ್ನ ಇಲಿಗೆ ಆ ದಾರಿ ಇಲ್ಲ. ಅದರ ಪರವಾಗಿ ಸಾಕು ಅನ್ನಬೇಕಾದವಳು ನೀನೇ.

ಕೆಲವು ಇಲಿ ಒಗ್ಗುವುದೇ ಇಲ್ಲ. ಅವನ್ನು ಕೈಬಿಡು. ಎಷ್ಟನ್ನು, ಯಾಕೆ ಬಿಟ್ಟೆ ಅಂತ ಪೇಪರ್‌ನಲ್ಲಿ ಬರಿ. ಉಳಿದವು ಬರೀ ಸಾಧು ಇಲಿಗಳೇ ಆಗಿದ್ದರೆ ಓದುವವರಿಗೆ ಅದೂ ತಿಳಿಯಬೇಕು.

ಸ್ಕ್ಯಾನರ್ ಬುಕ್ ಮಾಡುವ ಮೊದಲೇ, ಒಗ್ಗಿಸಲು ಎಷ್ಟು ದಿನ ಕೊಡುತ್ತಾರೆ ಅಂತ ನಿಮ್ಮ ಗೈಡ್ ಹತ್ತಿರ ಕೇಳು. ಅವರು ಏನಂದರು ಅಂತ ನನಗೆ ಬರಿ.

ಇಂತಿ,
ನಿನ್ನ ದೊಡ್ಡಪ್ಪ