ಪದಬಂಧದ ಪಕ್ಕ ಕವಡೆ ಆಟಕ್ಕೂ ಒಂದ್ ಮೂಲೆ ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಮೊಬೈಲ್ ಗೇಮ್ ಚಟದ ಬಗ್ಗೆ ಬಂದ ಲೇಖನ ಓದ್ದೆ. ಬರ್ದಿರೋದು ಬಹಳಷ್ಟು ಸರಿನೇ ಇದೆ, ಮಕ್ಳು ನಿದ್ದೆ ಬಿಡ್ತಿದಾರೆ ದೊಡ್ಡೋರು ದುಡ್ಡು ಕಳ್ಕೋತಿದಾರೆ ಎಲ್ಲಾ ಒಪ್ತೀನಿ, ಆದ್ರೆ ಈ ಕಾಲದಲ್ಲಿ ಒಬ್ರೇ ಕೂತು ಆಡ್ಬೇಕು ಅಂದ್ರೆ ಮೊಬೈಲ್ ಬಿಟ್ರೆ ಬೇರೆ ಗತಿ ಇಲ್ಲ ಅನ್ನೋ ಥರ ಮುಗಿಸಿದೀರಲ್ಲ, ಅಲ್ಲಿಗೆ ಬಂದಾಗ ಈ ಪತ್ರ ಬರೀಲೇಬೇಕು ಅನ್ನಿಸ್ತು.

ನಾನು ಹಾಸನದಲ್ಲಿ ಒಂದ್ ಮೆಡಿಕಲ್ ಶಾಪ್ ಇಟ್ಕೊಂಡಿದೀನಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಲಿ ನೊಣ ಹೊಡ್ಯೋ ಕೆಲಸ. ನಿಮ್ ಪೇಪರಿನ ಪದಬಂಧ ಇಪ್ಪತ್ ನಿಮಿಷಕ್ಕೆ ಮುಗ್ದೋಗುತ್ತೆ, ಸುಡೋಕು ನಂಗೆ ಹತ್ತಲ್ಲ. ಎರಡು ವರ್ಷದಿಂದ ಆ ಹೊತ್ತಲ್ಲಿ ನಾನು ಆಡ್ತಿರೋ ಆಟಕ್ಕೆ ಬೇಕಾಗಿರೋದು ಒಂದ್ ಪೆನ್ಸಿಲ್ಲು, ಹಳೇ ಬಿಲ್ ಬುಕ್ಕಿನ ಹಿಂಭಾಗ, ನಾಲ್ಕು ಕವಡೆ, ಅಷ್ಟೇ. ಇಂಗ್ಲಿಷಲ್ಲಿ ಸೋಲೋ ರೋಲ್‌ಪ್ಲೇಯಿಂಗ್ ಗೇಮ್ ಅಂತಾರೆ, ಅಂದ್ರೆ ಒಬ್ರೇ ಕೂತು ಒಂದ್ ಪಾತ್ರ ತಗೊಂಡು ಕತೆ ಕಟ್ತಾ ಆಡೋ ಆಟ. ಹೆಸರು ಕೇಳಿ ಗಾಬರಿ ಆಗ್ಬೇಡಿ.

ಮೂಲ ಆಟ ಅಮೆರಿಕದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ರು ಡಂಜನ್ಸ್ ಅಂಡ್ ಡ್ರಾಗನ್ಸ್ ಅಂತ ಮಾಡಿದ್ರು. ನಮ್ಮ ತಾಳಮದ್ದಳೆ ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ, ಅಲ್ಲಿ ಭಾಗವತರು ಪ್ರಸಂಗ ಮುಂದಕ್ಕೆ ಒಯ್ತಾರೆ, ಅರ್ಥಧಾರಿ ತನ್ನ ಪಾತ್ರದ ಮಾತನ್ನ ಅಲ್ಲೇ ಕೂತು ಹುಟ್ಟಿಸ್ತಾನೆ. ಇಲ್ಲೂ ಒಬ್ಬ ಯಜಮಾನ ಕತೆ ಹಿಡ್ಕೊಂಡಿರ್ತಾನೆ, ಮಿಕ್ಕೋರು ಒಂದೊಂದು ಪಾತ್ರ ತಗೊಂಡು ನಾನು ಹೀಗ್ ಮಾಡ್ತೀನಿ ಹಾಗ್ ಮಾಡ್ತೀನಿ ಅಂತಾರೆ, ಅದು ಆಯ್ತೋ ಇಲ್ವೋ ಅಂತ ದಾಳ ಹೇಳುತ್ತೆ. ತೊಂದ್ರೆ ಏನಂದ್ರೆ ನಾಲ್ಕೈದು ಜನ ಒಂದೇ ದಿನ ಒಂದೇ ಕಡೆ ಮೂರ್ ಗಂಟೆ ಸೇರ್ಬೇಕು. ನನ್ ವಯಸ್ಸಿನೋರು ಮದ್ವೆ ಮನೇಲೇ ಊಟ ಆದ್ ತಕ್ಷಣ ಗಡಿಯಾರ ನೋಡ್ತಾರೆ, ಇನ್ನು ಆಟಕ್ಕೆಲ್ಲಿಂದ ಸೇರ್ಸೋದು.

ಈ ತಾಪತ್ರಯ ಅಲ್ಲಿನೋರಿಗೂ ಇತ್ತು ಅನ್ಸುತ್ತೆ, ಯಾಕಂದ್ರೆ ಎರಡೇ ವರ್ಷಕ್ಕೆ, 1976ರಲ್ಲಿ, ಟನಲ್ಸ್ ಅಂಡ್ ಟ್ರೋಲ್ಸ್ ಅನ್ನೋ ಇನ್ನೊಂದು ಆಟಕ್ಕೆ ಒಬ್ರೇ ಆಡೋ ಪುಸ್ತಕ ಬಂತು. 1982ರಲ್ಲಿ ಇಂಗ್ಲೆಂಡಲ್ಲಿ ಸ್ಟೀವ್ ಜಾಕ್ಸನ್, ಇಯಾನ್ ಲಿವಿಂಗ್‌ಸ್ಟನ್ ಬರೆದ ಇಂಥದ್ದೇ ಒಂದ್ ಪುಸ್ತಕದಲ್ಲಿ ನಂಬರ್ ಹಾಕಿದ 400 ತುಂಡು ಕತೆ, ಎಡಕ್ಕೆ ಹೋಗೋದಾದ್ರೆ ಈ ನಂಬರ್ ಓದು ಬಲಕ್ಕಾದ್ರೆ ಆ ನಂಬರ್ ಓದು ಅಂತ, ಜೊತೆಗೆ ಎರಡು ದಾಳ. ಮಜವಾಗೇ ಇರುತ್ತೆ, ಆದ್ರೆ ದಾರಿ ಎಲ್ಲ ಬರ್ದೋನು ಮೊದ್ಲೇ ಹಾಕಿಟ್ಟಿರ್ತಾನೆ, ಒಂದ್ಸಲ ಗೆದ್ರೆ ಮುಗೀತು. ಆಮೇಲೆ 2003ರಲ್ಲಿ ಮಿಥಿಕ್ ಅಂತ ಒಂದು ಬಂತು, ಅದ್ರಲ್ಲಿ ಯಜಮಾನನ ಜಾಗದಲ್ಲಿ ಮನುಷ್ಯನೇ ಇಲ್ಲ, ನೀವು ಹೌದು ಇಲ್ಲ ಅನ್ನೋ ಥರದ ಪ್ರಶ್ನೆ ಕೇಳ್ತೀರಿ, ದಾಳ ಹಾಕಿ ಪಟ್ಟಿ ನೋಡಿದ್ರೆ ಉತ್ರ ಸಿಗುತ್ತೆ. ಇಂಗ್ಲಿಷ್ನೋರು ಅದಕ್ಕೆ ಆರಾಕಲ್ ಅಂತಾರೆ. ನಾನು ಕಣಿ ಅಂತೀನಿ. ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳಿ, ಬಲಗಡೆ ಬಿತ್ತು, ಆಗುತ್ತೆ ಬಿಡಿ ಅನ್ನೋ ಜನಕ್ಕೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ.

ನಾನು ಶುರು ಮಾಡಿದ್ ಮಾತ್ರ ತಪ್ಪು ತುದಿಯಿಂದ. ಮಗನ ಫ್ರೆಂಡ್ ಒಬ್ಬ ಐರನ್‌ಸ್ವೋರ್ನ್ ಅನ್ನೋ ಆಟದ ಪಿಡಿಎಫ್ ಕಳಿಸ್ದ, ಶಾನ್ ಟಾಮ್‌ಕಿನ್ ಅನ್ನೋರು 2018ರಲ್ಲಿ ಮಾಡಿದ್ದು, ಫ್ರೀಯಾಗೇ ಸಿಗುತ್ತೆ, ಆಟ ನಿಜಕ್ಕೂ ಚೆನ್ನಾಗಿದೆ. ಆದ್ರೆ ಇನ್ನೂರು ಪುಟ ದಾಟುತ್ತೆ. ಜೆರಾಕ್ಸ್ ಅಂಗಡಿಲಿ ಪ್ರಿಂಟ್ ಹಾಕ್ಸಿ ಸ್ಪೈರಲ್ ಬೈಂಡ್ ಮಾಡ್ಸಿ, ಒಂದ್ ತಿಂಗ್ಳು ಓದಿ, ಗೆರೆ ಎಳ್ದು, ಪಾತ್ರಕ್ಕೆ ಹೆಸರಿಟ್ಟು, ಊರಿನ ಮ್ಯಾಪ್ ಬರ್ದು, ಒಂದ್ ದಿನಾನೂ ಆಡ್ಲಿಲ್ಲ. ಹತ್ತು ಮುಖದ ದಾಳ ಎರಡು ಬೇಕು ಅಂತ ಆನ್‌ಲೈನಲ್ಲಿ ಏಳು ದಾಳದ ಸೆಟ್ ಆರ್ಡರ್ ಮಾಡಿದ್ರೆ ಬಂದಿದ್ದು ಆರು, ಇಲ್ದೇ ಇರೋದು ಅದೇ ಹತ್ತು ಮುಖದ್ದೊಂದು. ವಾಪಸ್ ಕಳ್ಸೋ ರಗಳೆ ಯಾಕೆ ಅಂತ ಇಸ್ಪೀಟ್ ಎಲೆ ತಗೊಂಡು ಎಕ್ಕದಿಂದ ಹತ್ತರವರೆಗೆ ಬೇರೆ ಮಾಡಿ ಕಲಸಿ ಒಂದೆಳ್ದೆ, ಹತ್ತು ಮುಖದ ದಾಳಾನೂ ಅದೂ ಒಂದೇ. ಇದು ಹೊಳ್ಯಕ್ಕೆ ನಂಗೆ ಹದಿನೈದು ದಿನ ಹಿಡೀತು.

ಆಗ ಸಿಕ್ಕಿದ್ದು ಚಿಕ್ ಚಿಕ್ ಆಟಗಳು. ಒಂದೆರಡು ಪುಟ ನಿಯಮ, ಓದಿ ಐದ್ ನಿಮಿಷಕ್ಕೆ ಶುರು. ತಕುಮಾ ಒಕಾಡ ಅನ್ನೋರು ಮಾಡಿರೋ ಅಲೋನ್ ಅಮಂಗ್ ದಿ ಸ್ಟಾರ್ಸ್ ಅಂತ ಒಂದಿದೆ, ನೀವು ಒಬ್ರೇ ಗ್ರಹದಿಂದ ಗ್ರಹಕ್ಕೆ ಅಲೀತೀರಿ, ಇಸ್ಪೀಟ್ ಎಲೆ ಎತ್ತಿದ್ರೆ ಏನು ಸಿಕ್ತು ಎಲ್ಲಿ ಸಿಕ್ತು ಅಂತ ಗೊತ್ತಾಗುತ್ತೆ, ದಾಳ ಹಾಕಿದ್ರೆ ಅದು ಕಷ್ಟಪಟ್ಟು ಸಿಕ್ತೋ, ದಿಢೀರ್ ಅಂತ ಕಣ್ಣಿಗೆ ಬಿತ್ತೋ, ಸುಮ್ನೆ ಕೂತಾಗ ಕಂಡ್ತೋ ಅಂತ ಗೊತ್ತಾಗುತ್ತೆ, ಮಿಕ್ಕಿದ್ದು ನೀವೇ ನಾಲ್ಕು ಸಾಲು ಬರ್ಕೋಬೇಕು. ಗೆಲ್ಲೋದಿಲ್ಲ ಸೋಲೋದಿಲ್ಲ. ಇನ್ನೊಂದು ದಿ ರೆಚೆಡ್ ಅಂತ, ಕ್ರಿಸ್ ಬಿಸೆಟ್ ಅನ್ನೋರದ್ದು, 2020ರದ್ದು, ಕೆಟ್ಟು ನಿಂತ ಆಕಾಶ ನೌಕೆಲಿ ಉಳ್ಕೊಂಡ ಒಬ್ಬನೇ ಮನುಷ್ಯ ನೀವು, ಎಲೆ ಎತ್ತೋದು, ಎಲೆ ಹೇಳ್ದಾಗ ಮರದ ಬ್ಲಾಕಿನ ಗೋಪುರದಿಂದ ಒಂದ್ ಬ್ಲಾಕ್ ಕೀಳೋದು, ಗೋಪುರ ಬಿದ್ರೆ ನೀವು ಸತ್ರಿ. ಕೈ ನಡುಗೋದೇ ಆಟದ ಭಯ, ಎಂಥಾ ಉಪಾಯ ನೋಡಿ. ನಮ್ ಅಂಗಡಿ ಮುಂದೆ ಒಂದ್ ಟಿಪ್ಪರ್ ಹೋದ್ರೆ ಕೌಂಟರೇ ಅಲ್ಲಾಡುತ್ತೆ, ಮೂರು ಸಲ ಹಾಗೇ ಸತ್ತೆ, ಬಿಟ್ಬಿಟ್ಟೆ.

ಇಸ್ಪೀಟ್ ಎಲೆ ಬಿಟ್ಟಿದ್ದಕ್ಕೆ ಬೇರೆ ಕಾರಣ. ಮೆಡಿಕಲ್ ಶಾಪಿನ ಕೌಂಟರ್ ಮೇಲೆ ಎಲೆ ಹರಡ್ಕೊಂಡು ಕೂತಿದ್ ನೋಡಿ ಯಾರೋ ನಮ್ಮನೇಲಿ ನಿಮ್ ಯಜಮಾನ್ರು ಇಸ್ಪೀಟ್ ಶುರು ಮಾಡಿದಾರೆ ಅಂತ ಹೇಳಿ, ಅವತ್ತು ರಾತ್ರಿ ಊಟಕ್ ಕೂತಾಗ ನಡೆದ ವಿಚಾರಣೆ ಇಲ್ಲಿ ಬೇಡ ಬಿಡಿ. ಮಾರನೇ ದಿನ ಅಮ್ಮನ ಚೌಕಾಬಾರದ ಕವಡೆ ಇಸ್ಕೊಂಡ್ ಬಂದೆ.

ಕವಡೆ ಬಂದ್ಮೇಲೆ ಆಟ ನಮ್ದಾಯ್ತು. ಚೌಕಾಬಾರ ಆಡಿರೋರಿಗೆ ಗೊತ್ತಲ್ಲ, ನಾಕೂ ಬಾಯಿ ಮೇಲೆ ಬಿದ್ರೆ ಚೌಕ, ನಾಕೂ ಬೋರಲಾದ್ರೆ ಬಾರ. ನಾನ್ ಮಾಡ್ಕೊಂಡಿರೋ ಕಣಿ ಹೀಗೆ: ಚೌಕ ಬಿದ್ರೆ ಹೌದು, ಮೇಲೊಂದು ಲಾಭ. ಮೂರು ಬಾಯಿ ಬಿದ್ರೆ ಬರೀ ಹೌದು. ಎರಡಾದ್ರೆ ‘ಹೌದು, ಆದ್ರೆ’, ಅಂದ್ರೆ ಕೆಲ್ಸ ಆಗುತ್ತೆ, ಜೊತೆಗೊಂದು ಅಡಚಣೆ. ಒಂದಾದ್ರೆ ಇಲ್ಲ. ಬಾರ ಬಿದ್ರೆ ಇಲ್ಲ, ಅದ್ರ ಮೇಲೊಂದು ತೊಂದ್ರೆ. ಲೆಕ್ಕದ ಪ್ರಕಾರ ನಾಲ್ಕು ಕವಡೆ ಬೀಳೋ ರೀತಿ 16, ಅದ್ರಲ್ಲಿ ಎರಡು ಬಾಯಿ ಬೀಳೋದು 6, ಚೌಕ ಒಂದು, ಬಾರ ಒಂದು. ಅಂದ್ರೆ ಐದು ಉತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ಬೀಳೋದು ‘ಹೌದು, ಆದ್ರೆ’ ಅನ್ನೋದೇ, ಮತ್ತೆ ಕತೆ ಓಡೋದೂ ಆ ‘ಆದ್ರೆ’ ಮೇಲೇ. ಆರು ಮುಖದ ದಾಳದಲ್ಲಿ ಎಲ್ಲಾ ನಂಬರಿಗೂ ಬೀಳೋ ಅವಕಾಶ ಒಂದೇ, ಈ ಸೊಗಸು ಅದಕ್ಕಿಲ್ಲ. (ಕವಡೆ ಅನ್ನೋದು ನಾಣ್ಯದ ಹಾಗೆ ಎರಡೂ ಕಡೆ ಸಮ ಅಲ್ಲ, ಅಮ್ಮನ ಕವಡೆ ಬೋರಲು ಬೀಳೋದೇ ಸ್ವಲ್ಪ ಜಾಸ್ತಿ, ಅದಕ್ಕೇ ನನ್ ಕತೆಗಳಲ್ಲಿ ಕಷ್ಟ ಒಂಚೂರು ಹೆಚ್ಚು.)

ಒಂದ್ ಆಟ ಹೇಳ್ತೀನಿ. ಆಗ ಮಳೆಗಾಲ. ನನ್ ಪಾತ್ರ ಒಬ್ಬ ಲಾರಿ ಡ್ರೈವರ್, ಹಾಸನದಿಂದ ಆಲೂಗಡ್ಡೆ ತುಂಬ್ಕೊಂಡು ರಾತ್ರಿ ಮಂಗಳೂರಿಗೆ ಹೊರಟಿದಾನೆ, ಬೆಳಗಾಗೋದ್ರೊಳಗೆ ಮುಟ್ಟಿಸ್ಬೇಕು. ಯಾರು, ಏನ್ ಬೇಕು, ಅಡ್ಡ ಏನಿದೆ, ಈ ಮೂರು ಬರ್ಕೊಂಡ್ರೆ ಶುರು ಮಾಡಕ್ಕೆ ಸಾಕು, ಅವರ ತಾತನ ಕಾಲದ ಚರಿತ್ರೆ ಬೇಡ. ಸಕಲೇಶಪುರ ದಾಟಿದ. ಮೊದಲ್ನೇ ಪ್ರಶ್ನೆ, ಮಾರನಹಳ್ಳಿ ಹತ್ರ ಶಿರಾಡಿ ಘಾಟಿ ರಸ್ತೆ ಓಪನ್ ಇದೆಯಾ? ಕವಡೆ ಹಾಕ್ದೆ, ಎರಡು. ಹೌದು ಆದ್ರೆ. ಆದ್ರೆ ಏನು ಅನ್ನೋದು ನಾನೇ ಯೋಚ್ನೆ ಮಾಡ್ಬೇಕು, ಗುಡ್ಡದ ಮಣ್ಣು ಜಾರಿದೆ, ಕಾರು ಬಿಡ್ತಿದಾರೆ, ಲಾರಿ ಸಾಲಾಗಿ ನಿಲ್ಸಿದಾರೆ ಅಂತ ಬರ್ದೆ. ಕತ್ಲೆಲಿ ಒಬ್ಬ ಮುದುಕ ಬಂದು ಬಾಗ್ಲು ತಟ್ಟಿ ಗುಂಡ್ಯಕ್ಕೆ ಹೋಗ್ಬೇಕು ಅಂದ. ಇವನು ನಿಜ ಹೇಳ್ತಿದಾನಾ? ಬಾರ. ಇಲ್ಲ, ಅದ್ರ ಮೇಲೆ ತೊಂದ್ರೆ. ಸತ್ಯವಾಗ್ ಹೇಳ್ತೀನಿ ಸಂಪಾದಕರೇ, ಆ ಮುದುಕನ್ನ ನಾನು ಒಳ್ಳೆಯವನು ಅಂತಾನೇ ಅಂದ್ಕೊಂಡಿದ್ದೆ, ಕವಡೆ ಬಿದ್ದಿದ್ ನೋಡಿ ಬೆನ್ನಲ್ಲಿ ಚಳಿ ಆಯ್ತು, ನಾನೇ ಬರ್ದ ಮುದುಕ ನಂಗೇ ಮೋಸ ಮಾಡ್ದ.

ಅಷ್ಟೊತ್ತಿಗೆ ಒಬ್ರು ಗ್ಯಾಸ್ಟ್ರಿಕ್ ಮಾತ್ರೆ ಕೇಳ್ಕೊಂಡ್ ಬಂದ್ರು. ಪೆನ್ಸಿಲ್ ಇಟ್ಟು ಮಾತ್ರೆ ಕೊಟ್ಟು ಚಿಲ್ರೆ ಎಣಿಸ್ತಿದ್ರೆ ಅವ್ರು ಬಿಲ್ ಬುಕ್ ಓದ್ತಾ ನಿಂತಿದಾರೆ. ನಿಜವಾದ ಲಾರಿ ಡ್ರೈವರ್ರು. ಏನ್ ಸಾರ್ ಇದು, ರಾತ್ರಿ ಹೊತ್ತು ಘಾಟಿಲಿ ಒಬ್ನೇ ಯಾಕ್ ಹೋಗ್ತಾನೆ, ಕ್ಲೀನರ್ ಎಲ್ಲಿ ಅಂದ್ರು. ಹೌದಲ್ವಾ. ಪಿಡಿಎಫ್‌ಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಅಲ್ಲೇ ಒಬ್ಬ ಕ್ಲೀನರ್ ಹುಡುಗನ್ನ ಸೇರಿಸ್ದೆ, ಹಿಂದೆ ಆಲೂಗಡ್ಡೆ ಮೂಟೆ ಮೇಲೆ ಮಲಗಿದ್ದ ಅಂತ. ಆಮೇಲೆ ಮುದುಕನ ತೊಂದ್ರೆಯಿಂದ ಪಾರು ಮಾಡಿದ್ದೂ ಆ ಹುಡುಗನೇ.

ಪದಬಂಧ ಅರ್ಧಕ್ಕೆ ಬಿಟ್ಟು ಎದ್ರೆ ಮತ್ತೆ ಹಿಡ್ಯೋದು ಸುಲಭ, ಟಿವಿ ಸೀರಿಯಲ್ ಆಗಲ್ಲ, ಮೊಬೈಲ್ ಗೇಮಂತೂ ಬಿಡಕ್ಕೇ ಬಿಡಲ್ಲ. ಈ ಆಟ ಪದಬಂಧದ ಜಾತಿಗೆ ಸೇರಿದ್ದು, ಗಿರಾಕಿ ಬಂದ್ರೆ ಲಾರಿ ಅಲ್ಲೇ ಹೆಡ್‌ಲೈಟ್ ಹಾಕ್ಕೊಂಡ್ ನಿಂತಿರುತ್ತೆ, ಕಾಯುತ್ತೆ.

ಹಾಗಂತ ಚಿಕ್ಕದಾಗಿರೋದೆಲ್ಲ ಚೆನ್ನಾಗಿರುತ್ತೆ ಅಂತ ಅಲ್ಲ. ಒಂದ್ ಪುಟದ ಆಟ ಅಂತ ಬರೋದ್ರಲ್ಲಿ ಸುಮಾರು ಬರೀ ಪ್ರಶ್ನೆ ಪಟ್ಟಿ, ನಿಮ್ಮ ಮರೆಯಲಾಗದ ನೋವಿನ ಬಗ್ಗೆ ಬರೆಯಿರಿ ಅಂತ, ಅದು ಹೋಮ್‌ವರ್ಕು. ಎಲ್ಲಾ ನಾವೇ ತೀರ್ಮಾನ ಮಾಡೋದಾದ್ರೆ ಅದು ಕತೆ ಬರ್ಯೋದಾಯ್ತು, ಎಲ್ಲಾ ದಾಳಾನೇ ಮಾಡಿದ್ರೆ ಹಾವು ಏಣಿ ಆಯ್ತು. ಐರನ್‌ಸ್ವೋರ್ನ್‌ದು ಇಲ್ಲಿ ಕೈ ಮೇಲು: ಆರು ಮುಖದ ದಾಳಕ್ಕೆ ಪಾತ್ರದ ಬಲ ಕೂಡಿಸಿ, ಹತ್ತು ಮುಖದ ಎರಡು ದಾಳದ ಎದುರು ಇಡ್ತೀವಿ. ನನ್ ದಾಳ ನಾಲ್ಕು, ಬಲ ಎರಡು, ಒಟ್ಟು ಆರು, ಎದುರಿಗೆ ಮೂರು ಮತ್ತೆ ಎಂಟು ಬಿತ್ತು ಅಂದ್ಕೊಳಿ, ಒಂದನ್ನ ಗೆದ್ದೆ ಒಂದನ್ನ ಸೋತೆ, ಕೆಲ್ಸ ಆಗುತ್ತೆ, ಏನಾದ್ರೂ ತೆರಬೇಕು. ಸಮ ಬಿದ್ರೂ ಗೆಲುವು ಎದುರು ದಾಳಕ್ಕೆ. ಅಂಥಾ ದೊಡ್ಡ ಪುಸ್ತಕದಿಂದ ನಾನು ಇಟ್ಕೊಂಡಿರೋದು ಇದೊಂದೇ, ಬೆರಳೆಣಿಕೆ ಸಾಲಲ್ಲಿ ಬರ್ದಿಡ್ಬೋದು.

ಈಗ ಕೇಳ್ಕೊಳೋದು ಇಷ್ಟು. ನಾನು ಹುಡುಕ್ದಾಗ ಕೈಗೆ ಸಿಕ್ಕಿದ್ದೆಲ್ಲ ಇಂಗ್ಲಿಷಿಂದೇ. ನಮ್ಮ ಅಂಗಡಿಗೆ ಬರೋ ರಿಟೈರ್ಡ್ ಮೇಷ್ಟ್ರಿಗೆ ಕತೆ ಹೇಳೋ ತಾಕತ್ತು ಬೇಕಾದಷ್ಟಿದೆ, ಪಿಡಿಎಫ್ ಓದೋ ತಾಳ್ಮೆ ಇಲ್ಲ. ಭಾನುವಾರದ ಪುರವಣಿಲಿ ಪದಬಂಧದ ಪಕ್ಕ ಅಂಗೈಯಗಲ ಜಾಗ ಕೊಡಿ, ವಾರಕ್ಕೊಂದು ಒಬ್ಬರಾಟ ಹಾಕಿ. ನಿಯಮ ಹತ್ತು ಸಾಲು ಮೀರ್ಬಾರ್ದು, ಮನೇಲಿರೋ ಸಾಮಾನಲ್ಲೇ ಆಡೋ ಹಾಗಿರ್ಬೇಕು, ಇನ್ನೊಂದು ಶರತ್ತು, ಆ ಆಟದಲ್ಲಿ ಡ್ರಾಗನ್ ಬೇಡ. ನಮಗೆ ಘಾಟಿ ಇದೆ, ಸಂತೆ ಇದೆ, ಕೊನೇ ಬಸ್ಸು ತಪ್ಪಿದ ಊರಿದೆ, ಕೆರೆ ಕೋಡಿ ಇದೆ. ಅನುವಾದ ಮಾಡ್ಬೇಕು ಅಂದ್ರೂ ದಾರಿ ಇದೆ, ಐರನ್‌ಸ್ವೋರ್ನ್ ಪುಸ್ತಕ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿದೆ, ಲಾಭಕ್ಕೆ ಬಳಸ್ಬಾರ್ದು ಅನ್ನೋ ಕಟ್ಟು ಪುಸ್ತಕಕ್ಕಿದೆ, ಬರೀ ನಿಯಮಗಳನ್ನ ಬೇರೆ ತೆಗೆದಿಟ್ಟಿರೋ ಕಡತಕ್ಕೆ ಆ ಕಟ್ಟೂ ಇಲ್ಲ, ಮಾಡಿದೋರ ಹೆಸರು ಹಾಕಿದ್ರೆ ಆಯ್ತು.

ಮೊದಲ್ನೇ ವಾರಕ್ಕೆ ಅಂತ ನನ್ ಲಾರಿ ಆಟಾನ ಒಂದ್ ಹಾಳೇಲಿ ಬರ್ದು ಇದರ ಜೊತೆ ಲಗತ್ತಿಸಿದೀನಿ, ಕಾಗುಣಿತ ನೋಡ್ಕೊಳಿ, ಸಂಭಾವನೆ ಏನೂ ಬೇಡ. ಕ್ಲೀನರ್ ಇರೋ ಸಾಲನ್ನ ಮಾತ್ರ ಜಾಗ ಸಾಲ್ದು ಅಂತ ಕತ್ತರಿಸ್ಬೇಡಿ. ಮನೇಲಿ ಕವಡೆ ಇಲ್ದೋರು ನಾಲ್ಕು ಹುಣಸೆ ಬೀಜ ತಗೊಂಡು ಒಂದ್ ಮಗ್ಗುಲು ಬೆಳ್ಳಗಾಗೋವರ್ಗೂ ಕಲ್ ಮೇಲೆ ಉಜ್ಕೊಂಡ್ರೆ ಆಯ್ತು ಅಂತಾನೂ ಕೆಳಗೆ ಸಣ್ಣಕ್ಷರದಲ್ಲಿ ಹಾಕಿ.

ಇಂತಿ,
ಮೆಡಿಕಲ್ ಶಾಪಿನ ಓದುಗ, ಹಾಸನ