ಏಣಿ ನೀವೇ ಹತ್ತಿ, ಪುಟ್ಟಿ

ಪ್ರೀತಿಯ ಪುಟ್ಟಿ,

ಈ ಸಲ ಶಾರದಾ ಪೂಜೆಯ ಮಂಟಪ, ಹೂವು, ಮೈಕು, ಊಟ ಎಲ್ಲಾ ಹೊರಗಿನವರಿಗೆ ವಹಿಸುವ ಮಾತು ನಡೆದಿದೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ಅದೇ ಯೋಚನೆ. ಪರೀಕ್ಷೆ ಹತ್ತಿರ ಬಂತು, ಮಕ್ಕಳಿಗೆ ಸುಮ್ನೆ ಯಾಕೆ ತೊಂದರೆ ಅನ್ನುವುದು ಮಿಸ್‌ಗಳ ಕಾಳಜಿ. ಅದೂ ಸರಿಯೇ. ಆದರೂ ನೀವು ಹತ್ತನೇ ಕ್ಲಾಸಿನವರೆಲ್ಲ ಒಟ್ಟಿಗೆ ಹೋಗಿ, "ನಾವೇ ಮಾಡುತ್ತೇವೆ" ಅಂತ ಕೇಳಿ ನೋಡಿ.

ನಾನೂ ಅದೇ ಶಾಲೆಯವಳಲ್ವಾ? ಮನೆಯಲ್ಲಿ ಬಲ್ಬ್ ಬದಲಿಸಬೇಕು ಅಂದರೆ ನಿನ್ನ ಮಾವನನ್ನೇ ಕರೆಯುತ್ತಿದ್ದರು. ಶಾಲೆಯಲ್ಲಿ ಕರೆಯುವುದಕ್ಕೆ ಹುಡುಗರೇ ಇರಲಿಲ್ಲ. ಏಣಿ ಹಿಡಿಯುವವರೂ ನಾವೇ, ಹತ್ತುವವರೂ ನಾವೇ. ಪೂಜೆಯ ಹಿಂದಿನ ದಿನ ವೇಲನ್ನು ಸೊಂಟಕ್ಕೆ ಬಿಗಿದು ಬೆಂಚುಗಳನ್ನೆಲ್ಲ ಹೊರಗೆ ಸಾಗಿಸುತ್ತಿದ್ದೆವು. ಮಾವಿನೆಲೆಯ ಬುಡವನ್ನು ಹುರಿಯ ಮೇಲೆ ಮಡಚಿ, ಪೊರಕೆ ಕಡ್ಡಿ ಚುಚ್ಚಿ ತೋರಣ ಮಾಡುತ್ತಿದ್ದೆವು. ಮೈಕಿನ ವೈರ್ ಜೋಡಿಸುವವಳೂ ನಮ್ಮಲ್ಲೇ ಒಬ್ಬಳು.

ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಹೆಸರುಬೇಳೆ ಚಪ್ಪೆಯಾಗುತ್ತದೆ. ಇದನ್ನು ನನಗೆ ಕಲಿಸಿದ್ದು ನಿನ್ನ ಅಜ್ಜಿಯಲ್ಲ, ಹತ್ತನೇ ಕ್ಲಾಸಿನ ಒಬ್ಬ ಅಕ್ಕ. ದೊಡ್ಡ ಪಾತ್ರೆಯಲ್ಲಿ ಮೊಣಕೈವರೆಗೆ ಕೈ ಹಾಕಿ ಕಲಸುತ್ತಾ ಹೇಳಿಕೊಟ್ಟಳು. ಮುಂದಿನ ವರ್ಷ ನಾನು ಚಿಕ್ಕವರಿಗೆ ಹೇಳಿಕೊಟ್ಟೆ. ಕೆಲಸವನ್ನು ಹೊರಗೆ ಕೊಟ್ಟುಬಿಟ್ಟರೆ ಪೂಜೆಯೇನೋ ನಡೆಯುತ್ತದೆ, ಬಹುಶಃ ಜಾಸ್ತಿ ಚೆನ್ನಾಗಿಯೇ. ಆದರೆ ಒಂಬತ್ತನೆಯವರು ನಿಮ್ಮಿಂದ ಕಲಿಯುವುದು ಏನು ಉಳಿಯುತ್ತದೆ?

ನಮ್ಮ ಮೈಸೂರಿನ ಹುಡುಗಿಯರ ಮಹಾರಾಣಿ ಶಾಲೆ ಗೊತ್ತಲ್ಲ. ಅರಮನೆಯ ಬಕ್ಷಿ, ಅಂದರೆ ಅಧಿಕಾರಿಯಾಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರರು 1881ರಲ್ಲಿ ಶುರು ಮಾಡಿದ್ದು. ಅಲ್ಲಿಗೆ 1890ರ ದಶಕದಲ್ಲಿ ಬಂಗಾಳದಿಂದ ಸರಳಾದೇವಿ ಪಾಠ ಮಾಡಲು ಬಂದರು, ರವೀಂದ್ರನಾಥ ಟಾಗೋರರ ಅಕ್ಕನ ಮಗಳು. ಅನುಕೂಲಸ್ಥರ ಮನೆಯ ಹುಡುಗಿ, ದುಡಿಯಬೇಕಾದ ಅಗತ್ಯವೇ ಇರಲಿಲ್ಲ. ಗಂಡಸರ ಹಾಗೆ ತಾನೂ ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಅಷ್ಟು ದೂರ ಬಂದವರು. ಆ ಕಾಲದಲ್ಲಿ! ಅಂಥವರು ಪಾಠ ಮಾಡಿದ ಊರಿನಲ್ಲಿ ತೋರಣ ಕಟ್ಟುವುದಕ್ಕೆ ನಾವು ಬೇರೆಯವರನ್ನು ಕರೆಯಬೇಕಾ?

ಎಲ್ಲವನ್ನೂ ನೀವೇ ಹೊತ್ತುಕೊಳ್ಳಬೇಡಿ. ಅಡುಗೆಯನ್ನು ಬೇಕಾದರೆ ಹೊರಗೆ ಕೊಡಲಿ, ಕೋಸಂಬರಿ ಮಾತ್ರ ನಿಮ್ಮದಿರಲಿ. ಸಂಜೆ ಎರಡು ಗಂಟೆ ಸಾಕು, ಓದು ಕೆಡುವುದಿಲ್ಲ. ಪೂಜೆ ಮುಗಿದ ಮೇಲೆ ಒಂಬತ್ತನೆಯವರ ಕೈಗೆ ದೀಪ ಕೊಡುತ್ತೀರಲ್ಲ, ಏಣಿ ಎಲ್ಲಿದೆ, ಜಮಖಾನ ಯಾವ ರೂಮಿನಲ್ಲಿದೆ ಅನ್ನುವುದನ್ನೂ ಅವರಿಗೆ ಹೇಳಿ.

ನನ್ನ ಹಸಿರು ಮೈಸೂರು ಸಿಲ್ಕ್ ಅಜ್ಜಿಯ ಬೀರುವಿನಲ್ಲಿದೆ. ಏಣಿ ಕೆಲಸ ಮುಗಿದ ಮೇಲೆ ಉಟ್ಟುಕೋ, ನೆರಿಗೆಗೆ ಪಿನ್ ಹಾಕಿಸಿಕೋ. ಹೆಡ್‌ಮಿಸ್ ಏನಂದರು ಅಂತ ಭಾನುವಾರ ಫೋನ್ ಮಾಡಿ ಹೇಳು.

ನಿನ್ನ ಅಮ್ಮ